ಭತ್ತ, ಗೋಧಿಯಂಥ ಹುಲ್ಲುಜಾತಿಯ ಬೆಳೆಗಳನ್ನು ಎಲೆಯ ತುಂಡಿನಿಂದ ಅಂಗಾಂಶ ಕೃಷಿಯಲ್ಲಿ (ಸಸ್ಯದ ತುಣುಕನ್ನು ಪೋಷಕ ಮಾಧ್ಯಮದ ಮೇಲಿಟ್ಟು ಗಿಡ ಪಡೆಯುವ ವಿಧಾನದಲ್ಲಿ) ಬೆಳೆಸಬಹುದೇ?

ಬಲಿತ ಎಲೆಯಿಂದ ಬಹುಮಟ್ಟಿಗೆ ಆಗುವುದಿಲ್ಲ, ಭ್ರೂಣದಿಂದ, ಅಂದರೆ ಕಾಳಿನೊಳಗೆ ಸಸಿಯಾಗಿ ಬೆಳೆಯುವ ಭಾಗದಿಂದ, ಆಗುತ್ತದೆ. ತಂಬಾಕಿನ ಎಲೆ ಕತ್ತರಿಸಿದರೆ ಗಾಯದ ಅಂಚಿನ ಕೋಶಗಳು ಮತ್ತೆ ವಿಭಜನೆಗೆ ಇಳಿಯುತ್ತವೆ. ಆದರೆ ಹುಲ್ಲುಜಾತಿಯ ಎಲೆ ಬೆಳೆಯುವುದು ಬುಡದಿಂದ. ತುದಿಯತ್ತ ಹೋದಂತೆ ಕೋಶಗಳು ಬಲಿತು ಆ ಶಕ್ತಿ ಕಳೆದುಕೊಂಡಿರುತ್ತವೆ.

ಹಾಗಾಗಿ ಇನ್ನೂ ಬಲಿಯದ ಕಾಳಿನಿಂದ ಭ್ರೂಣ ಬಿಡಿಸಿ (ಭತ್ತದಲ್ಲಿ ಒಣಬೀಜದ್ದೂ ನಡೆಯುತ್ತದೆ), 2,4-ಡಿ ಎಂಬ ಹಾರ್ಮೋನಿನಂಥ ರಾಸಾಯನಿಕ ಬೆರೆಸಿದ ಪೋಷಕ ಮಾಧ್ಯಮದ ಮೇಲಿಡುತ್ತಾರೆ. ಆಗ ಆಕಾರವಿಲ್ಲದ ಕೋಶಗಳ ಮುದ್ದೆ, ಅಂದರೆ ಕ್ಯಾಲಸ್, ಬೆಳೆಯುತ್ತದೆ. ಅದರಲ್ಲಿ ತಿಳಿಹಳದಿ ಬಣ್ಣದ, ಗಟ್ಟಿಯಾದ, ಹರಳುಹರಳಾದ ಭಾಗವನ್ನಷ್ಟೇ ಆರಿಸಬೇಕು; ನೀರುನೀರಾದದ್ದು ಸೊಂಪಾಗಿ ಕಂಡರೂ ಗಿಡ ಕೊಡುವುದು ಅಪರೂಪ. 2,4-ಡಿ ಇಲ್ಲದ ಮಾಧ್ಯಮಕ್ಕೆ ದಾಟಿಸಿದ ಮೇಲೆ ಚಿಗುರು, ಬೇರು ಮೂಡುತ್ತವೆ. ಆದರೆ ತಡಮಾಡಬಾರದು: ಕ್ಯಾಲಸ್ ಹಳೆಯದಾದಷ್ಟೂ ಚಿಗುರು ಕಡಿಮೆ, ಬಂದರೂ ಕೆಲವು ಹಸಿರೇ ಇಲ್ಲದ ಬಿಳಿ ಸಸಿಗಳು.