ಮ್ಯಾನೇಜರ್ ಮೇಲ್‌ನಲ್ಲಿ ‘ಟಚ್ ಬೇಸ್’ ಅಂತ ಬಂದಿದೆ, ನಾನು ಏನು ಮುಟ್ಟಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮ ಮೇಲಲ್ಲ, ನನ್ನ ಮೇಲೆಯೇ. ಹೊಸ ಕೆಲಸ, ಮ್ಯಾನೇಜರ್ ‘ಲೆಟ್ಸ್ ಟಚ್ ಬೇಸ್ ಆನ್ ಥರ್ಸ್‌ಡೇ, ಡ್ರಾಪ್ ಮಿ ಎ ಲೈನ್ ಬಿಫೋರ್ ದಟ್, ಕೀಪ್ ಮಿ ಪೋಸ್ಟೆಡ್’ ಅಂತ ಬರೆದಿದ್ದಾರೆ, ಒಂದೊಂದು ಪದವೂ ಗೊತ್ತು, ಒಟ್ಟು ಅರ್ಥ ಮಾತ್ರ ಆಗಲಿಲ್ಲ ಅಂದಿದ್ದೀರಿ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮುಂಬೈಯ ಖರೀದಿದಾರರೊಬ್ಬರು ಒಮ್ಮೆ ‘ಲೆಟ್ಸ್ ಟಚ್ ಬೇಸ್ ಆನ್ ಮಂಡೇ’ ಅಂತ ಮೇಲ್ ಕಳಿಸಿದರು. ನಮ್ಮಲ್ಲಿ ಬೆಳಗಾದರೆ ರೇಟಿನದೇ ಮಾತು. ಬೇಸ್ ಅಂದರೆ ಬೇಸ್ ರೇಟ್ ಅಂದುಕೊಂಡೆ. ‘ಸಾವ್ಕಾರ್ರೆ, ಸೋಮವಾರ ತೊಗರಿ ರೇಟ್ ತಳ ಮುಟ್ತದಂತ್ರಿ’ ಅಂದೆ. ನಮ್ಮ ಮಿಲ್ಲಿನ ಸಾವ್ಕಾರರು ಎರಡು ದಿನ ಗಂಜ್ ಮಾರುಕಟ್ಟೆಯಲ್ಲಿ ಖರೀದಿಯನ್ನೇ ನಿಲ್ಲಿಸಿದರು! ಸೋಮವಾರ ಆ ಮುಂಬೈಯವರು ಫೋನ್ ಮಾಡಿ, ಮಾಲು ಯಾವಾಗ ಹೊರಡುತ್ತದೆ ಅಂತ ಕೇಳಿ, ಎರಡೇ ನಿಮಿಷಕ್ಕೆ ಇಟ್ಟುಬಿಟ್ಟರು. ರೇಟ್ ಇಳಿಯಲಿಲ್ಲ. ನನಗೆ ಬಿದ್ದ ಬೈಗುಳ ಕೇಳಬೇಡಿ.

ಆ ಬೇಸ್ ಬೇಸ್‌ಬಾಲ್ ಆಟದ್ದು ಅನ್ನುತ್ತಾರೆ. ಓಡುವವನು ಒಂದೊಂದು ಬೇಸನ್ನೂ, ಅಂದರೆ ಮೈದಾನದಲ್ಲಿ ಗುರುತಿಟ್ಟ ಜಾಗವನ್ನೂ, ಮುಟ್ಟಿಕೊಂಡೇ ಮುಂದೆ ಹೋಗಬೇಕು. ಅಲ್ಲಿ ಕೂತು ಹರಟುವಂತಿಲ್ಲ. ಹಾಗೇ ಇದೂ ಚಿಕ್ಕ ಮಾತುಕತೆ, ಅಷ್ಟೇ.

‘ಡ್ರಾಪ್ ಮಿ ಎ ಲೈನ್’ನ ಲೈನ್ ಫೋನಿನ ಲೈನ್ ಅಲ್ಲ, ಬರೆಯುವ ಸಾಲು. ನಮ್ಮ ಹಿರಿಯರು ‘ಊರು ಮುಟ್ಟಿದ ಮೇಲೆ ಒಂದು ಕಾಗದ ಹಾಕು’ ಅನ್ನುತ್ತಿದ್ದರಲ್ಲ, ಅದೇ.

‘ಕೀಪ್ ಮಿ ಪೋಸ್ಟೆಡ್’ ನನಗೆ ಬಹಳ ಹಿಡಿಸಿದ್ದು, ಯಾಕಂದರೆ ಅದು ನಮ್ಮ ಕಸುಬಿನದು. ಅಂಚೆಗೂ ಅದಕ್ಕೂ ಸಂಬಂಧ ಇಲ್ಲ. ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಬರೆದದ್ದನ್ನು ಖಾತೆಗೆ ಏರಿಸುವುದಕ್ಕೆ ಇಂಗ್ಲಿಷಿನಲ್ಲಿ ಪೋಸ್ಟಿಂಗ್ ಅನ್ನುತ್ತಾರೆ. 19ನೇ ಶತಮಾನದ ಅಮೆರಿಕದಲ್ಲಿ ಇದು ಲೆಕ್ಕದ ಪುಸ್ತಕದಿಂದ ಮಾತಿಗೆ ಇಳಿಯಿತು. ಖಾತೆ ಬಾಕಿ ಉಳಿಯದ ಹಾಗೆ ನನಗೂ ಸುದ್ದಿ ಬಾಕಿ ಉಳಿಸಬೇಡಿ ಅಂತ.

ಇನ್ನೊಂದು ಮಾತೂ ನಿಮ್ಮ ಕಿವಿಗೆ ಬೀಳುತ್ತದೆ, ‘ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’. 1844ರಲ್ಲಿ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಸಂದೇಶ ಕಳಿಸಿದ ಮೇಲೆ ಅಮೆರಿಕದಲ್ಲಿ ತಂತಿ ಕಂಬಗಳು ಎದ್ದವು. ತಂತಿ ಇಲ್ಲದೆ ಬಾಯಿಂದ ಬಾಯಿಗೆ ಓಡುವ ಸುದ್ದಿಗೆ ಜನ ‘ದ್ರಾಕ್ಷಿ ಬಳ್ಳಿಯ ಟೆಲಿಗ್ರಾಫ್’ ಅಂದರು. ನಮಗೆ ಗಾಳಿಸುದ್ದಿ ಇದೆಯಲ್ಲ, ಬಳ್ಳಿಯ ಖರ್ಚೂ ಇಲ್ಲ.

ಫೋನ್ ಕಟ್ ಮಾಡುವುದಕ್ಕೆ ಅವರು ‘ಹ್ಯಾಂಗ್ ಅಪ್’ ಅನ್ನುವುದು ಹಳೇ ಫೋನಿನ ರಿಸೀವರನ್ನು ಕೊಕ್ಕೆಗೆ ತೂಗುಹಾಕುತ್ತಿದ್ದುದರಿಂದ. ನಾವು ಮೇಜಿನ ಮೇಲಿನ ಫೋನ್ ಕಂಡವರು, ಜೇಬಿನ ಮೊಬೈಲಿಗೂ ‘ಇಡ್ತೀನ್ರಿ’ ಅನ್ನುತ್ತೇವೆ. ನಮ್ಮ ಕಡೆ ‘ಫೋನ್ ಹಚ್ಚು’ ಅಂದಾಗ ಬೆಂಗಳೂರಿನ ಗೆಳೆಯ ಬೆಂಕಿಪೊಟ್ಟಣ ತರಲೇ ಅಂತ ಚೇಷ್ಟೆ ಮಾಡುತ್ತಾನೆ.

ಒಂದರ ಬಗ್ಗೆ ಮಾತ್ರ ಹುಷಾರು: ‘ಐ ವಿಲ್ ಗೆಟ್ ಬ್ಯಾಕ್ ಟು ಯು’. ಎಷ್ಟೋ ಸಲ ಅದು ನಮ್ಮ ‘ನೋಡೋಣ ತಗೋರಿ’. ಕಾಯುತ್ತಾ ಕೂರಬೇಡಿ, ನೀವೇ ಇನ್ನೊಮ್ಮೆ ಕೇಳಿ.

ಈಗ ನಿಮ್ಮ ಕೆಲಸ ಇಷ್ಟೇ: ಬುಧವಾರ ಎರಡು ಸಾಲಿನ ಮೇಲ್ ಹಾಕಿ, ಗುರುವಾರ ಐದು ನಿಮಿಷದ ಮಾತಿಗೆ ತಯಾರಾಗಿರಿ.