ಹೊರಗೆ ಹೋಗಿ ಏನ್ ಕಲಿಸ್ತೀರಿ ಅಕ್ಕೋರೇ?

ಹೋದ ಸಂಚಿಕೆಲಿ ಐರ್ಲೆಂಡಿನ ಹಳ್ಳಿ ಪ್ರೈಮರಿ ಶಾಲೆಗಳ ಬಗ್ಗೆ ಅರ್ಧ ಪುಟ ಬರೆದಿದ್ದೆ. ಮಕ್ಕಳು ಗಂಬೂಟು ಹಾಕ್ಕೊಂಡು ಶಾಲೆ ಹಿಂದಿನ ಬೇಲಿ, ಹೊಂಡ, ಮರದ ಬುಡಕ್ಕೆ ಹೋಗಿ ಅಲ್ಲೇ ವಿಜ್ಞಾನ, ಭೂಗೋಳ ಕಲಿಯೋದು, ಶಾಲೆ ಎದುರು ಹಸಿರು ಬಾವುಟ ಹಾರಿಸೋದು, ಇದೆಲ್ಲ. ಘಟ್ಟದ ಮೇಲಿಂದ್ಲೂ ಕೆಳಗಿಂದ್ಲೂ ಪತ್ರ, ವಾಟ್ಸಾಪ್ ಮೆಸೇಜು ಬಂದಿವೆ, ಬೈಗುಳನೂ ಸೇರಿ. ಒಂದೇ ತರದ್ದನ್ನ ಒಟ್ಟು ಮಾಡಿ ಉತ್ತರ ಬರೀತಿದೀನಿ.

ಪ್ರಶ್ನೆ: ಸಿರ್ಸಿ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಲಿ ಕಲಿಸ್ತೀನಿ. 14 ಮಕ್ಕಳು, ನಾವಿಬ್ರೇ ಟೀಚರ್ಸು. ಐರ್ಲೆಂಡಲ್ಲಿ ಇದು ಸಿಲೆಬಸ್ಸಲ್ಲೇ ಇದ್ಯಾ ಅಥವಾ ಯಾರೋ ಉಮೇದಿ ಇರೋ ಟೀಚರ್ ಮಾಡೋದಾ? ಅವರಿಗೆ ದುಡ್ಡೂ ಇದೆ, ಜನಾನೂ ಇದಾರೆ.

ಸಿಲೆಬಸ್ಸಲ್ಲೂ ಇದೆ ಅಕ್ಕೋರೇ, ಉಮೇದಿನೂ ಬೇಕು. ಅಲ್ಲಿ 1999ರ ಪಠ್ಯಕ್ರಮದಲ್ಲೇ ಇತಿಹಾಸ, ಭೂಗೋಳ, ವಿಜ್ಞಾನ ಮೂರನ್ನೂ ಒಂದೇ ಗುಂಪಿಗೆ ಸೇರಿಸಿದ್ರು, ವಿಜ್ಞಾನದ ಒಳಗೆ ಪರಿಸರದ ಅರಿವು ಮತ್ತು ಕಾಳಜಿ ಅಂತ ಒಂದು ಭಾಗಾನೇ ಇಟ್ಟಿದ್ರು. ಹಾಗಾಗಿ ಹೊರಗೆ ಕರ್ಕೊಂಡು ಹೋದ್ರೆ ಪಾಠ ಹಿಂದೆ ಬಿತ್ತು ಅಂತ ಯಾರೂ ಹೇಳೋ ಹಾಗಿಲ್ಲ, ಅದೇ ಪಾಠ.

ಜನ ಇದಾರೆ ಅಂದ್ರಲ್ಲ, ಅದು ಹಾಗೇನಿಲ್ಲ. ಅಲ್ಲಿನ ಹಳ್ಳಿಗಳಲ್ಲೂ ಇಬ್ಬರೇ ಟೀಚರ್ ಇರೋ ಶಾಲೆಗಳು ಬೇಕಾದಷ್ಟಿವೆ. ಪ್ರೈಮರಿ ಅಂದ್ರೆ ಎಂಟು ವರ್ಷ, ನಾಲ್ಕೈದು ವರ್ಷದ ಪುಟಾಣಿಯಿಂದ ಹನ್ನೆರಡು ವರ್ಷದವರ ತನಕ, ಅಷ್ಟನ್ನೂ ಇಬ್ಬರು ಹಂಚ್ಕೊಂಡ್ರೆ ಒಬ್ಬೊಬ್ಬರ ಕೋಣೆಲಿ ನಾಲ್ಕು ಕ್ಲಾಸು. ನಮ್ಮ ನಲಿಕಲಿಲಿ ಒಂದು, ಎರಡು, ಮೂರು ಒಟ್ಟಿಗೆ ಕೂರಿಸಿ ಕಲಿಸೋ ನಿಮಗೆ ಇದರ ಕಷ್ಟ ನಾನು ಹೇಳ್ಬೇಕಾ? ಹೊರಗೆ ಹೋದಾಗ ಇದು ಸ್ವಲ್ಪ ಹಗುರ ಆಗುತ್ತೆ, ಯಾಕಂದ್ರೆ ಒಂದೇ ಮರದ ಹತ್ರ ಸಣ್ಣವರು ಎಲೆ ಆರಿಸ್ತಾರೆ, ದೊಡ್ಡವರು ಸುತ್ತಳತೆ ಅಳೀತಾರೆ, ನಾಲ್ಕು ಕ್ಲಾಸಿಗೆ ನಾಲ್ಕು ಪಾಠ ರೆಡಿ ಮಾಡೋ ಕೆಲಸ ಇಲ್ಲ.

ಹಸಿರು ಬಾವುಟ ಅಂದ್ರೆ ಗ್ರೀನ್ ಸ್ಕೂಲ್ಸ್ ಅನ್ನೋ ಕಾರ್ಯಕ್ರಮ, ಆನ್ ಟಾಶ್ಕ ಅನ್ನೋ ಸಂಸ್ಥೆ 1997ರಿಂದ ನಡೆಸ್ಕೊಂಡು ಬಂದಿದೆ. ಮೊದಲ ವಿಷಯ ಕಸ, ಆಮೇಲೆ ಕರೆಂಟು, ನೀರು, ಓಡಾಟ, ಜೀವವೈವಿಧ್ಯ ಹೀಗೆ ಮುಂದೆ ಹೋಗೋದು, ಬಾವುಟನ ಎರಡು ವರ್ಷಕ್ಕೊಮ್ಮೆ ಮತ್ತೆ ಗಳಿಸ್ಬೇಕು. ಇದಕ್ಕೆ ಶಾಲೆ ಮಾಡೋ ಸಮಿತಿಲಿ ಮಕ್ಕಳು ಇರಲೇಬೇಕು, ಆ ಸಮಿತಿ ಶುರುವಿನಲ್ಲೇ ಮಾಡೋ ಕೆಲಸ ಶಾಲೆನ ಸುತ್ತಿ ಈಗ ಏನಿದೆ ಅಂತ ಲೆಕ್ಕ ತೆಗೆಯೋದು, ಕಸದ ಬುಟ್ಟಿಲಿ ಏನೇನು ಬೀಳುತ್ತೆ, ಯಾವ ನಲ್ಲಿ ಸೋರುತ್ತೆ, ಮೀಟರು ಎಷ್ಟು ಓಡ್ತು ಅಂತ. ನನ್ನ ಕೇಳಿದ್ರೆ ಬಾವುಟ ಬಿಟ್ಟುಬಿಡಿ, ಆ ಲೆಕ್ಕ ಇಟ್ಕೊಳ್ಳಿ. ನಾವು ಜೂನ್ 5ಕ್ಕೆ ಗಿಡ ನೆಟ್ಟು ಫೋಟೊ ಹೊಡ್ಸಿ ಗ್ರೂಪಿಗೆ ಹಾಕ್ತೀವಿ, ಜನವರಿಲಿ ಆ ಗಿಡ ಬದುಕಿದ್ಯಾ ಅಂತ ಬರೆದಿಟ್ಟ ಒಂದು ಪುಸ್ತಕ ಎಷ್ಟು ಶಾಲೆಲಿ ಸಿಗುತ್ತೆ ಹೇಳಿ.

ಪ್ರಶ್ನೆ: ಅಲ್ಲಿ ಮಳೆ ಬಂದ್ರೂ ಹೊರಗೆ ಹೋಗ್ತಾರಂತೆ. ನಮ್ಮ ಮಳೆಲಿ ಮಕ್ಕಳನ್ನ ಹೊರಗೆ ಬಿಟ್ರೆ ಜ್ವರ ಗ್ಯಾರಂಟಿ. ಬೇಸಿಗೆಲಿ ಕಾಡಿಗೆ ಕರ್ಕೊಂಡು ಹೋಗ್ಬಹುದಾ? – ಸಿದ್ದಾಪುರದ ಒಬ್ಬರು ತಾಯಿ

ಆ ಮಳೆನೇ ಬೇರೆ, ಈ ಮಳೆನೇ ಬೇರೆ. ಐರ್ಲೆಂಡಿನ ಪಶ್ಚಿಮದ ಕಡೆ ವರ್ಷಕ್ಕೆ ಹೆಚ್ಚೂಕಮ್ಮಿ 225 ದಿನ ಮಳೆ ಇರುತ್ತೆ, ಆದ್ರೆ ವರ್ಷವಿಡೀ ಸೇರಿ ಬೀಳೋದು ಬಹುಪಾಲು ಜಾಗದಲ್ಲಿ 1000ದಿಂದ 1400 ಮಿಲಿಮೀಟರ್, ಅಂದ್ರೆ ಪಿರಿಪಿರಿ. ಅದು ನಿಲ್ಲಲಿ ಅಂತ ಕಾಯ್ತಾ ಕೂತ್ರೆ ವರ್ಷಾನೇ ಮುಗಿಯುತ್ತೆ, ಅದಕ್ಕೇ ರೇನ್‌ಕೋಟ್ ಹಾಕಿ ಹೊರಟುಬಿಡ್ತಾರೆ. ಕಾರವಾರದ ಕಡೆ ಅದರ ಎರಡು ಪಟ್ಟಿಗೂ ಜಾಸ್ತಿ ಮಳೆ ಜೂನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತೆ, ಡೀಸಿ ರಜೆ ಕೊಟ್ರಾ ಅಂತ ಬೆಳಿಗ್ಗೆ ಮೊಬೈಲ್ ನೋಡೋ ದಿನ ಯಾವ ರೇನ್‌ಕೋಟೂ ಸಾಕಾಗಲ್ಲ.

ಆದ್ರೆ ಬೇಸಿಗೆಲಿ ಕಾಡಿಗೆ ಅಂದ್ರಲ್ಲ, ಅದು ಖಂಡಿತ ಬೇಡ. ನೀವು ಸಿದ್ದಾಪುರದವರು, ನಿಮಗೆ ಗೊತ್ತಿರೋದೇ, ಮಂಗನ ಕಾಯಿಲೆ ಹರಡೋ ಉಣುಗು ಜೋರಿರೋದು ಡಿಸೆಂಬರ್‌ನಿಂದ ಮೇ ತನಕ. ಆ ತಿಂಗಳುಗಳಲ್ಲಿ ಬೆಟ್ಟಕ್ಕಾಗ್ಲಿ ಕಾನಿಗಾಗ್ಲಿ ಮಕ್ಕಳ ಗುಂಪು ಕರ್ಕೊಂಡು ಹೋಗೋ ಮಾತೇ ಬೇಡ, ಮಂಗ ಸತ್ತ ಸುದ್ದಿ ಬಂದ ಊರಲ್ಲಂತೂ ಶಾಲೆ ಅಂಗಳ ದಾಟ್ಬೇಡಿ. ಉಣುಗು ಹತ್ತದ ಹಾಗೆ ಮೈಗೆ ಹಚ್ಕೊಳ್ಳಕ್ಕೆ ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ ಕೆಲಸಕ್ಕೆ ಕಾಡಿಗೆ ಹೋಗಲೇಬೇಕಾದವರಿಗೆ, ಪಿಕ್ನಿಕ್ಕಿಗಲ್ಲ. ಫಾರೆಸ್ಟ್ ಸ್ಕೂಲ್ ಅಂತ ಯೂಟ್ಯೂಬಲ್ಲಿ ನೋಡಿ ಹಾಗೇ ಇಲ್ಲಿ ಇಳಿಸಕ್ಕೆ ಹೋಗೋರಿಗೆ ನನ್ನ ದೊಡ್ಡ ತಕರಾರು ಇದೇ, ಅಲ್ಲಿನ ಮಾರ್ಚು ಇಲ್ಲಿನ ಮಾರ್ಚಲ್ಲ.

ಹಾಗಾದ್ರೆ ಯಾವಾಗ? ಜೂನಿನ ಮೊದಲ ಮಳೆ ಬಿದ್ದ ಮೇಲೆ, ಆಮೇಲೆ ಚೌತಿ ಹೊತ್ತಿಂದ ದೀಪಾವಳಿ ತನಕ, ಹೊಳವಾದಾಗೆಲ್ಲ. ಉಂಬಳ ಹತ್ತುತ್ತೆ, ಹತ್ಲಿ, ಸ್ವಲ್ಪ ಉಪ್ಪು ಜೇಬಲ್ಲಿರಲಿ. ಅಲ್ಲಿನ ಮಕ್ಕಳು ಫೆಬ್ರವರಿ, ಮಾರ್ಚಲ್ಲಿ ಹೊಂಡದಲ್ಲಿ ಕಪ್ಪೆ ಮೊಟ್ಟೆ ನೋಡಕ್ಕೆ ಹೋಗ್ತಾರೆ. ಇಡೀ ಐರ್ಲೆಂಡಿಗೆ ಸೇರಿ ನೆಲದ್ದೇ ಆದ ಉಭಯಚರಗಳು ಮೂರೇ ಮೂರು, ಒಂದು ಕಪ್ಪೆ, ಒಂದು ನೆಲಗಪ್ಪೆ, ಬಾಲ ಇರೋ ನ್ಯೂಟ್ ಒಂದು. ಮೂರಕ್ಕೇ ಅಷ್ಟು ಸಂಭ್ರಮ ಮಾರಾಯ್ರೆ! ನಮ್ಮಲ್ಲಿ ಮಳೆಗಾಲದಲ್ಲಿ ತೋಟದ ಕೆರೆ ಮೇಲೆ ಬಾಗಿರೋ ಟೊಂಗೆ ನೋಡಿ, ಎಲೆಗಳನ್ನ ಅಂಟಿಸ್ಕೊಂಡು ಬಿಳಿ ನೊರೆ ಮುದ್ದೆ ನೇತಾಡ್ತಿರುತ್ತೆ. ಅದು ಹಸಿರು ಹಾರುಗಪ್ಪೆ ಗೂಡು, ಒಳಗೆ ಮೊಟ್ಟೆ ಒಡೆದು ಗೊದಮೊಟ್ಟೆ ಸೀದಾ ನೀರಿಗೆ ಬೀಳುತ್ತೆ. ನೊರೆ ಕಂಡ ದಿನ, ಬಣ್ಣ ಕಂದಾಗಿದ್ದು, ಕೆಳಗೆ ನೀರಲ್ಲಿ ಮರಿ ಕಂಡಿದ್ದು, ಇಷ್ಟು ಬರೆದಿಟ್ರೆ ಅದೇ ಪಾಠ. ನಿಮ್ಮ ತಾಲೂಕಿನ ಕತ್ತಲೆಕಾನಿನ ಕಡೆ ಹಳ್ಳದಲ್ಲಿರೋ ಕುಂಬಾರ ಕಪ್ಪೆ, ಗಂಡು ಕೈಯಲ್ಲಿ ಕೆಸರು ತಗೊಂಡು ಮೊಟ್ಟೆಗೆ ಮೆತ್ತುತ್ತೆ, ವಿಜ್ಞಾನಿಗಳು ಹೊಸ ಜಾತಿ ಅಂತ ಅದಕ್ಕೆ ಹೆಸರಿಟ್ಟಿದ್ದೇ 2014ರಲ್ಲಿ. ಅದನ್ನ ಹುಡುಕ್ತಾ ರಾತ್ರಿ ಹಳ್ಳಕ್ಕೆ ಇಳೀಬೇಡಿ, ಕತೆ ಹೇಳಿ ಸಾಕು.

ಪ್ರಶ್ನೆ: ನಾವಿರೋದು ಕಾರವಾರ ಪೇಟೆಲಿ, ಫ್ಲ್ಯಾಟಲ್ಲಿ. ಶಾಲೆಗೆ ಅಂಗಳಾನೂ ಇಲ್ಲ. ನಮ್ಮ ಮಕ್ಕಳಿಗೆ ಎಲ್ಲಿಯ ಪ್ರಕೃತಿ?

ಕಾರವಾರದಲ್ಲಿ ಕೂತು ಇದನ್ನ ಕೇಳ್ತೀರಲ್ಲ! ಕೋಡಿಬಾಗದ ಕಡೆ ಕಾಳಿ ನದಿ ಸಮುದ್ರ ಸೇರೋ ಜಾಗ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಬೀಚು, ಎಲ್ಲ ಆಟೋ ದೂರದಲ್ಲಿದೆ. ಉಬ್ಬರ ಇಳಿತದ ಹೊತ್ತು ಮೊಬೈಲಲ್ಲೇ ಸಿಗುತ್ತೆ, ನೀರು ಇಳೀತಿರುವಾಗ ಹೋಗಿ, ಏರೋದ್ರೊಳಗೆ ವಾಪಸ್ ಬನ್ನಿ. ಕಾಂಡ್ಲಾದಲ್ಲಿ ಒಂದು ಜಾತಿ ಇದೆ, ಕೆಸರಿಂದ ಬೇರುಗಳು ಪೆನ್ಸಿಲ್ ಚುಚ್ಚಿಟ್ಟ ಹಾಗೆ ಮೇಲೆ ಎದ್ದಿರ್ತವೆ, ಆ ಬೇರಿಂದಲೇ ಉಸಿರಾಟ. ಬಿಸಿಲಿರೋ ದಿನ ಅದರ ಎಲೆ ನೋಡಿದ್ರೆ ಮೇಲೆ ಸಣ್ಣ ಹರಳು ಕಾಣುತ್ತೆ, ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ರೆ ಉಪ್ಪು. ಮರ ಉಪ್ಪನ್ನ ಹೊರಗೆ ಹಾಕುತ್ತೆ ಅಂತ ಪುಸ್ತಕದಲ್ಲಿ ಓದಿ ಮರ್ತಿರೋ ಮಗು ಇದನ್ನ ಮರೆಯಲ್ಲ. ಪಕ್ಕದ ಇನ್ನೊಂದು ಜಾತಿಲಿ ಬೀಜ ಮರದಲ್ಲೇ ಮೊಳೆತು ಉದ್ದಕ್ಕೆ ನೇತಾಡ್ತಿರುತ್ತೆ, ಅದನ್ನ ಕೀಳ್ಬೇಡಿ, ಕೆಳಗೆ ಬಿದ್ದಿದ್ರೆ ಎತ್ತಿ ಸ್ಕೇಲಲ್ಲಿ ಅಳೀರಿ.

ಇನ್ನೊಂದು ವಿಷಯ. ಐರ್ಲೆಂಡಲ್ಲಿ ಮಾರ್ಚ್ 1ರಿಂದ ಆಗಸ್ಟ್ 31ರ ತನಕ ಬೇಲಿಸಾಲು ಕಡಿಯೋ ಹಾಗಿಲ್ಲ, ಕೆಲವು ವಿನಾಯಿತಿ ಬಿಟ್ರೆ ಅದು ಕಾನೂನು, ಹಕ್ಕಿ ಗೂಡು ಕಟ್ಟೋ ಕಾಲ ಅಂತ. ಶಾಲೆ ಮಕ್ಕಳು ಆ ಬೇಲಿಲಿ ಯಾವ ಹಕ್ಕಿ ಹೊಕ್ಕು ಹೊರಡುತ್ತೆ ಅಂತ ದೂರದಿಂದ ನೋಡಿ ಬರೀತಾರೆ. ನಮ್ಮ ಕರಾವಳಿ ಮಕ್ಕಳಿಗೆ ಇಂಥ ಒಂದು ನಿಯಮ ಮನೆಲೇ ಗೊತ್ತು, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆ ಬಂದ್, ಮೀನು ಮರಿ ಮಾಡೋ ಹೊತ್ತು. ನಿಮ್ಮ ಮಗಳ ಕ್ಲಾಸಲ್ಲಿ ಮೀನುಗಾರರ ಮನೆ ಮಕ್ಕಳು ಇದ್ದೇ ಇರ್ತಾರೆ, ಬಂದ್ ಮುಗಿದ ಮೊದಲ ವಾರ ಮಾರ್ಕೆಟ್ಟಿಗೆ ಯಾವ್ಯಾವ ಮೀನು ಬಂತು, ಎಷ್ಟು ಉದ್ದ ಅಂತ ಪಟ್ಟಿ ಮಾಡಕ್ಕೆ ಅವರೇ ಲೀಡರ್ ಆಗ್ಲಿ.

ಪ್ರಶ್ನೆ: ಶಾಲೆಲಿ ಹುಳಗಳು ಬಂದು ಗೂಡು ಮಾಡ್ಲಿ ಅಂತ ಕೀಟಗಳ ಹೋಟೆಲ್ ಮಾಡ್ಬೇಕು ಅಂತಿದೀವಿ, ದೊಡ್ಡದಾಗಿ, ಬಿದಿರು ಇಟ್ಟಿಗೆ ಎಲ್ಲ ಹಾಕಿ. ಖರ್ಚು ಎಷ್ಟಾಗ್ಬಹುದು? – ಅಂಕೋಲೆಯ ಒಬ್ಬ ಮಾಸ್ತರು

ಸೊನ್ನೆ ರೂಪಾಯಿ, ಯಾಕಂದ್ರೆ ಮಾಡೋದು ಬೇಡ ಮಾಸ್ತರೇ. ಫೋಟೊಗೆ ಚಂದ ಅಷ್ಟೇ. ಐರ್ಲೆಂಡಲ್ಲಿ 2015ರಲ್ಲಿ ಪರಾಗಸ್ಪರ್ಶಿಗಳ ಉಳಿವಿಗೆ ಅಂತ ಒಂದು ಯೋಜನೆ ತಂದ್ರು, ಅದರಲ್ಲಿ ಶಾಲೆಗಳಿಗೆ ಹೇಳೋ ಮುಖ್ಯ ಮಾತು ಹುಲ್ಲು ಕಡಿಮೆ ಕತ್ತರಿಸಿ, ಹೂ ಬಿಡಕ್ಕೆ ಬಿಡಿ ಅಂತ, ಹೋಟೆಲ್ ಮಾಡೋದಾದ್ರೂ ಚಿಕ್ಕದು ಮಾಡಿ ಅಂತ. ಅಲ್ಲಿ ಸುಮಾರು ನೂರು ಜಾತಿ ದುಂಬಿ, ಜೇನುಗಳಿವೆ, ಅದರಲ್ಲಿ ಮುಕ್ಕಾಲು ಪಾಲು ಒಂಟಿಯಾಗಿ ಬದುಕೋವು, ಆ ಪೈಕಿ ಜಾಸ್ತಿಯವು ಮಣ್ಣು ಕೊರೆದು ಗೂಡು ಮಾಡ್ತವೆ, ಬಿದಿರಿನ ಕೊಳವೆ ಅವಕ್ಕೆ ಬೇಡ್ವೇ ಬೇಡ. ನಿಮ್ಮ ಶಾಲೆಯ ಹಳೇ ಚಿರೆಕಲ್ಲಿನ ಗೋಡೆಲಿ ಒಂದು ಸುತ್ತು ಹಾಕಿ, ಸಂದಿಂದ ಮೇಣದ ಸಣ್ಣ ಕೊಳವೆ ಹೊರಗೆ ಚಾಚಿದ್ರೆ ಅದು ಮಿಸರಿ ಜೇನು. ಚುಚ್ಚಕ್ಕೆ ಅದಕ್ಕೆ ಮುಳ್ಳಿಲ್ಲ. ಐದು ನಿಮಿಷದಲ್ಲಿ ಎಷ್ಟು ಹುಳ ಒಳಗೆ ಹೋಯ್ತು, ಎಷ್ಟರ ಕಾಲಲ್ಲಿ ಪರಾಗ ಇತ್ತು ಅಂತ ಬೆಳಿಗ್ಗೆ ಒಂದ್ಸಲ, ಊಟದ ಬಿಡುವಲ್ಲಿ ಒಂದ್ಸಲ ಎಣಿಸಿ, ಗ್ರಾಫ್ ಹಾಕ್ಸಿ. ಗೋಡೆಗೆ ಸಿಮೆಂಟ್ ಮೆತ್ತಿಸೋ ಪ್ಲಾನ್ ಇದ್ರೆ ಆ ಸಂದಿ ಒಂದನ್ನ ಬಿಡಿಸಿ.

ಪ್ರಶ್ನೆ: ಹಾವು?

ಐರ್ಲೆಂಡಲ್ಲಿ ಹಾವೇ ಇಲ್ಲ, ಹಾಗಾಗಿ ಅವರ ಸುರಕ್ಷತೆ ಚೀಟಿಲಿ ಆ ಸಾಲೂ ಇಲ್ಲ. ನಮ್ಮದ್ರಲ್ಲಿ ಅದೇ ಮೊದಲ ಸಾಲು. ದೊಡ್ಡವರು ಮುಂದೆ, ಕಾಲಿಗೆ ಬೂಟು, ಕೈ ಸಂದಿಗೂ ಬೇಡ, ಕಟ್ಟಿಗೆ ರಾಶಿಗೂ ಬೇಡ, ತರಗೆಲೆನ ಕೋಲಲ್ಲಿ ಸರಿಸಿ. ಕಂಡ್ರೆ ಹಿಂದೆ ಸರೀರಿ. ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಲಿ ಹಾವಿನ ವಿಷದ ಮದ್ದು ಇದೆ ಅಂತ ಮೊದಲೇ ಕೇಳಿಟ್ಕೊಂಡಿರಿ.

ಪ್ರಶ್ನೆ: ನಮ್ಮ ಮೊಮ್ಮಗ ತೋಟದಲ್ಲೇ ಹುಟ್ಟಿ ಬೆಳೆದವ. ಅವನಿಗೆ ಶಾಲೆಯವರು ಮತ್ತೆ ಮರ ತೋರ್ಸೋದಾ? ಗಣಿತ, ಇಂಗ್ಲಿಷ್ ಕಲಿಸ್ಲಿ. – ಸಿರ್ಸಿ ಕಡೆಯ ಹಿರಿಯರು

ಅರ್ಧ ಒಪ್ತೀನಿ ಅಜ್ಜ. ಮರ ತೋರ್ಸಿ ಇದು ಮಾವು ಅಂತ ಹೇಳೋದಾದ್ರೆ ಟೈಮ್ ವೇಸ್ಟೇ. ಮತ್ತೆ ಹೊರಗೆ ಕಲಿತ್ರೆ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ನಾನಂತೂ ಹೇಳಲ್ಲ, ಹಾಗೆ ಮಾರ್ಕೆಟಿಂಗ್ ಮಾಡೋರು ಬೇರೆ ಇದಾರೆ. ಆದ್ರೆ ಗಣಿತ ಅಂದ್ರಲ್ಲ, ಕೇಳಿ. ನೇರ ಗೋಡೆಯ ಒಂದು ಡಬ್ಬಿ, ಒಂದು ಸ್ಕೇಲು, ಬಯಲಲ್ಲಿಟ್ರೆ ಮಳೆ ಮಾಪಕ. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಶಾಲೆಯ ಮಾಡು (ಛಾವಣಿ) 10 ಮೀಟರ್ ಉದ್ದ 6 ಮೀಟರ್ ಅಗಲ ನೆಲ ಮುಚ್ಚಿದ್ರೆ 60 ಚದರ ಮೀಟರ್, ಒಂದು ದಿನ 50 ಮಿಲಿಮೀಟರ್ ಬಿದ್ರೆ 3000 ಲೀಟರ್, ಅಂದ್ರೆ ಸಾವಿರ ಲೀಟರಿನ ಟ್ಯಾಂಕಿ ಮೂರು. ಆ ನೀರೆಲ್ಲ ಹೋಗಿದ್ದೆಲ್ಲಿ, ಏಪ್ರಿಲಲ್ಲಿ ಶಾಲೆ ಬಾವಿ ಯಾಕೆ ಬತ್ತುತ್ತೆ, ಇದು ಗಣಿತಾನೋ ಪರಿಸರಾನೋ ನೀವೇ ಹೇಳಿ.

ನಿಮ್ಮನ್ನೇ ಶಾಲೆಗೆ ಕರೀಬೇಕು ಅಂತ ನನ್ನ ಆಸೆ. ಐರ್ಲೆಂಡಲ್ಲಿ ಅದಕ್ಕೆ ಸರ್ಕಾರದ ಬೆಂಬಲದ ಒಂದು ವ್ಯವಸ್ಥೆನೇ ಇದೆ, ಹಕ್ಕಿ, ಗಿಡ, ಹಳೇ ಕಸುಬು ಬಲ್ಲವರು ಶಾಲೆಗೆ ಬಂದು ಅರ್ಧ ದಿನವೋ ಒಂದು ದಿನವೋ ಮಕ್ಕಳ ಜೊತೆ ಇರ್ತಾರೆ. ಸೊಪ್ಪಿನ ಬೆಟ್ಟದಲ್ಲಿ ಯಾವ ಮರದ ಸೊಪ್ಪು ಗೊಬ್ಬರಕ್ಕೆ ಬೇಗ ಕರಗುತ್ತೆ, ಯಾವ ಮರಕ್ಕೆ ಕತ್ತಿ ಹಾಕ್ಬಾರ್ದು ಅಂತ ನಿಮಗೆ ಗೊತ್ತಿರೋದು ಅಕ್ಕೋರಿಗೆ ಗೊತ್ತಿರಲ್ಲ, ಅವರು ಬಯಲುಸೀಮೆಯಿಂದ ವರ್ಗ ಆಗಿ ಬಂದವರಾಗಿರ್ಬಹುದು. 1983ರಲ್ಲಿ ಸಲ್ಕಣಿ ಕಾಡಲ್ಲಿ ಜನ ಮರ ಅಪ್ಪಿ ನಿಂತ ಅಪ್ಪಿಕೊ ಕತೆ ನಿಮ್ಮ ವಯಸ್ಸಿನವರು ಹೇಳಿದ್ರೆ ಬೇರೆನೇ. ಕುಮಟೆ ಕಡೆಯ ಅಜ್ಜಂದಿರಾದ್ರೆ ಮಾಣಿಕಟ್ಟಾದ ಗಜನಿ ಗದ್ದೆಲಿ ಉಪ್ಪುನೀರು ತಡ್ಕೊಂಡು ಬೆಳೆಯೋ ಕಗ್ಗ ಭತ್ತದ ಬಗ್ಗೆ ಹೇಳ್ಲಿ.

ಪ್ರಶ್ನೆ: ಬ್ಯಾಗ್ ಇಲ್ಲದ ಶನಿವಾರ ಒಂದು ಗಂಟೆ ಸಿಗುತ್ತೆ. ಬರೆದಿದ್ದನ್ನ ಯಾರಿಗಾದ್ರೂ ಕಳಿಸ್ಬಹುದಾ, ಶಾಲೆಲೇ ಕೊಳೆಯೋದಾ? – ಕುಮಟೆಯ ಹೊಸ ಟೀಚರ್

ಕಳಿಸ್ಬಹುದು. ಐರ್ಲೆಂಡಲ್ಲಿ ಜನ ನೋಡಿದ ಹಕ್ಕಿ, ಹುಳ, ಗಿಡದ ದಾಖಲೆಗಳು ವಾಟರ್‌ಫರ್ಡ್ ಊರಿನ ರಾಷ್ಟ್ರೀಯ ಜೀವವೈವಿಧ್ಯ ಕೇಂದ್ರಕ್ಕೆ ಸೇರ್ತವೆ. ನಮ್ಮಲ್ಲಿ ಸೀಸನ್‌ವಾಚ್ ಇದೆ, ಕೇರಳದ ಶಾಲೆಗಳು ತುಂಬಾ ಸೇರ್ಕೊಂಡಿವೆ. ಒಂದು ಮರ ಆರಿಸ್ಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ಇಲ್ಲ, ಸ್ವಲ್ಪ, ಜಾಸ್ತಿ ಅಂತ ಗುರುತು ಹಾಕೋದು, ಅಷ್ಟೇ. ಹಲಸು, ಮಾವು ಎರಡೂ ಅವರ ಪಟ್ಟಿಲಿವೆ. ವಾರ ತಪ್ಪಿದ್ರೆ ಊಹೆ ಮಾಡಿ ತುಂಬಿಸ್ಬೇಡಿ, ಖಾಲಿ ಬಿಡಿ, ಪುಸ್ತಕ ಐದನೇ ಕ್ಲಾಸಿನವರ ಕೈಲಿರಲಿ, ನಿಮ್ಮ ಟೇಬಲ್ ಡ್ರಾವರಲ್ಲಿ ಬೇಡ. ಮತ್ತೆ ಮರಕ್ಕೆ ನಂಬರ್ ಬೋರ್ಡ್ ಹಾಕೋವಾಗ ಮೊಳೆ ಹೊಡೀಬೇಡಿ, ತೆಂಗಿನ ಹಗ್ಗದಲ್ಲಿ ಸಡಿಲ ಕಟ್ಟಿ, ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಿ.