ಶೀಟ್ ತಾಳೆ ಆಗದಿದ್ದರೂ ಮುಂದಿನ ಪ್ರಶ್ನೆಗೆ ಹೋಗಿ

ಪ್ರಶ್ನೆ: ಸರ್, ನಮಸ್ಕಾರ. ನಾನು ಉಡುಪಿಯವಳು. ಮಂಗಳೂರಿನಲ್ಲಿ ಆರ್ಟಿಕಲ್‌ಶಿಪ್ (ಸಿಎ ಆಫೀಸಿನ ತರಬೇತಿ) ಮುಗಿಸಿ ಸಿಎ ಫೈನಲ್ ಮೊದಲ ಗ್ರೂಪ್ ಬರೆದೆ. ಫೈನಾನ್ಶಿಯಲ್ ರಿಪೋರ್ಟಿಂಗ್‌ನಲ್ಲಿ 36 ಬಂತು. ಓದಿದ್ದು ಕಡಿಮೆ ಆಗಿರಲಿಲ್ಲ. ಕನ್ಸಾಲಿಡೇಶನ್ (ಮುಖ್ಯ ಕಂಪನಿ, ಅದರ ಅಧೀನ ಕಂಪನಿಗಳ ಲೆಕ್ಕ ಒಟ್ಟುಗೂಡಿಸುವ) ಲೆಕ್ಕ ಒಂದಕ್ಕೇ ಮುಕ್ಕಾಲು ಗಂಟೆ ಹೋಯಿತು. ಆದರೂ ಬ್ಯಾಲೆನ್ಸ್ ಶೀಟ್ ತಾಳೆ ಆಗಲಿಲ್ಲ. ಕೊನೆಗೆ 14 ಅಂಕದ ಒಂದು ಪ್ರಶ್ನೆ ಮುಟ್ಟಲೂ ಆಗಲಿಲ್ಲ, ಅದೂ ಗೊತ್ತಿದ್ದ ಪ್ರಶ್ನೆ. ಮನೆಯಲ್ಲಿ ಕೂತರೆ ಎಲ್ಲ ಬರುತ್ತದೆ, ಹಾಲ್‌ನಲ್ಲಿ ಟೈಮ್ ಸಾಲುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ಉಡುಪಿ

ಉತ್ತರ: ಒಂದು ಪೇಪರ್ ಪಾಸಾಗಲು 40 ಬೇಕು, ಗ್ರೂಪ್ ಒಟ್ಟಿಗೆ ಶೇಕಡ 50 ಬೇಕು. ಈ ಪೇಪರ್‌ನಲ್ಲಿ ನಿಮಗೆ ಕಡಿಮೆ ಬಿದ್ದದ್ದು ನಾಲ್ಕೇ ಅಂಕ. ಮುಟ್ಟದೆ ಬಿಟ್ಟ ಪ್ರಶ್ನೆಯನ್ನು ಅರ್ಧ ಬರೆದಿದ್ದರೂ ಅದು ಸಿಗುತ್ತಿತ್ತು. ಹಾಗಾಗಿ ಪುಸ್ತಕ ಮೊದಲಿನಿಂದ ಓದಲು ಹೊರಡಬೇಡಿ. ಬದಲಾಗಬೇಕಾದ್ದು ಒಂದು ಅಭ್ಯಾಸ.

ಆ ಅಭ್ಯಾಸ ಎಲ್ಲಿಂದ ಬಂತು ಗೊತ್ತಾ? ನಮ್ಮ ಆಫೀಸುಗಳಿಂದಲೇ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗುವವರೆಗೆ ಏಳಬೇಡ ಎಂದು ನಾವೇ ಕಲಿಸುತ್ತೇವೆ. 90 ರೂಪಾಯಿ ವ್ಯತ್ಯಾಸ ಬಂದರೆ, 9ರಿಂದ ಭಾಗ ಆಗುತ್ತದಲ್ಲ, ಅಂಕಿ ಅದಲು ಬದಲಾಗಿರಬೇಕು ಎಂದು ವೋಚರ್ ತಿರುವುತ್ತಾ ರಾತ್ರಿ ಎಂಟಾದರೂ ಕೂರುತ್ತೇವೆ. ಆಫೀಸಿನಲ್ಲಿ ಅದು ಸರಿ. ಕ್ಲೈಂಟ್‌ನ ದುಡ್ಡು ಅದು. ಪರೀಕ್ಷೆಯಲ್ಲಿ ಮಾತ್ರ ಅದೇ ಹಟ ಅಂಕ ತಿನ್ನುತ್ತದೆ. ನನ್ನ ಮೊದಲ ಅಟೆಂಪ್ಟ್ ಹೋದದ್ದೂ ಹೀಗೆಯೇ. ಎಷ್ಟೋ ವರ್ಷ ಆಯಿತು, ಆ ಶೀಟಿನಲ್ಲಿ ವ್ಯತ್ಯಾಸ ಬಂದದ್ದು ಎಲ್ಲಿ ಎಂದು ಈಗಲೂ ನೆನಪಿದೆ.

ಕನ್ಸಾಲಿಡೇಶನ್ ಲೆಕ್ಕದಲ್ಲಿ ಅಂಕ ಇರುವುದು ಎಲ್ಲಿ ನೋಡಿ. ಖರೀದಿ ದಿನದ ನೆಟ್ ಅಸೆಟ್ಸ್, ನಾನ್ ಕಂಟ್ರೋಲಿಂಗ್ ಇಂಟರೆಸ್ಟ್ (ಹೊರಗಿನ ಷೇರುದಾರರ ಪಾಲು), ಗುಡ್‌ವಿಲ್, ಆಮೇಲಿನ ಲಾಭದ ಹಂಚಿಕೆ, ಸ್ಟಾಕ್‌ನಲ್ಲಿ ಉಳಿದ ಲಾಭ ತೆಗೆಯುವುದು. ಇವೆಲ್ಲ ವರ್ಕಿಂಗ್ ನೋಟ್ಸ್. ಒಂದೊಂದಕ್ಕೂ ಸ್ಟೆಪ್ ಮಾರ್ಕ್ಸ್ ಇದೆ. ಇಷ್ಟು ಬರೆಯುವಾಗಲೇ ಅರ್ಧಕ್ಕಿಂತ ಜಾಸ್ತಿ ಅಂಕ ನಿಮ್ಮ ಕೈಗೆ ಬಂದಿರುತ್ತದೆ. ಕೊನೆಯಲ್ಲಿ ಎರಡೂ ಕಡೆ ತಾಳೆ ಆಗದಿದ್ದರೆ ಹೋಗುವುದು ಒಂದೋ ಎರಡೋ ಅಂಕ. ಅದನ್ನು ಉಳಿಸಲು ಇಪ್ಪತ್ತು ನಿಮಿಷ ಕೊಟ್ಟಿರಿ. ಅದೇ ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಪ್ರಶ್ನೆಯಿಂದ ಎಂಟು, ಒಂಬತ್ತು ಬರುತ್ತಿತ್ತು. ವರ್ಕಿಂಗ್ ನೋಟ್ಸ್ ನೀಟಾಗಿ ನಂಬರ್ ಹಾಕಿ ಬರೆಯಿರಿ, ಶೀಟಿನಲ್ಲಿ ಬಂದಷ್ಟು ಅಂಕಿ ತುಂಬಿಸಿ, ಮುಂದಿನ ಪ್ರಶ್ನೆಗೆ ಹೋಗಿ. ತಾಳೆ ಮಾಡಲು ಸುಳ್ಳು ಅಂಕಿ ಸೇರಿಸುವ ಕೆಲಸ ಮಾತ್ರ ಬೇಡ.

ಯಾವ ಪ್ರಶ್ನೆಯನ್ನು ಯಾವಾಗ ಬಿಟ್ಟು ಮುಂದೆ ಹೋಗಬೇಕು ಎನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ. 180 ನಿಮಿಷ, 100 ಅಂಕ. ಅಂಕಕ್ಕೆ 1.8 ನಿಮಿಷ. ಅಷ್ಟೂ ಹಂಚಿದರೆ ಉಸಿರಾಡಲು ಜಾಗ ಇರುವುದಿಲ್ಲ. 30 ಅಂಕದ ಎಂಸಿಕ್ಯೂಗೆ (ಸರಿ ಉತ್ತರ ಆರಿಸುವ ಪ್ರಶ್ನೆಗಳಿಗೆ) 45 ನಿಮಿಷ, 14 ಅಂಕದ ಐದು ಪ್ರಶ್ನೆಗೆ ತಲಾ 24 ನಿಮಿಷ ಕೊಡಿ. 2 ಗಂಟೆಗೆ ಶುರುವಾದರೆ 2:45ಕ್ಕೆ ಎಂಸಿಕ್ಯೂ ಮುಗಿಯಬೇಕು. ಆಮೇಲೆ 3:09, 3:33, 3:57, 4:21, 4:45. ಈ ಆರು ಸಮಯ ಬಾಯಿಪಾಠ ಇರಲಿ. ಉಳಿದ 15 ನಿಮಿಷ ಬಿಟ್ಟುಬಂದ ಕಡೆ ವಾಪಸ್ ಹೋಗಲು. ಅರ್ಧ ಬಿಟ್ಟ ಉತ್ತರದ ಕೆಳಗೆ ಒಂದು ಪುಟ ಖಾಲಿ ಇಡಿ, ತುಂಬದಿದ್ದರೆ ಕೊನೆಗೆ ಗೆರೆ ಎಳೆದರಾಯಿತು. ಸ್ಮಾರ್ಟ್ ವಾಚ್ ಒಳಗೆ ಬಿಡುವುದಿಲ್ಲ, ಮುಳ್ಳಿನ ವಾಚ್ ಕಟ್ಟಿ ಅಭ್ಯಾಸ ಮಾಡಿಕೊಳ್ಳಿ.

ಈಗ ಬರೆಯಲು ಶುರು ಮಾಡುವ ಮೊದಲು ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದ ಮಾತು, 1:45ರಿಂದ 2ರವರೆಗೆ. ನೀವು ಕಾಲಮಿತಿ ಯಕ್ಷಗಾನ ನೋಡಿರುತ್ತೀರಿ ಅಲ್ವಾ? ಹಿಂದೆ ಬೆಳಗಿನವರೆಗೆ ಆಡುತ್ತಿದ್ದ ಪ್ರಸಂಗವನ್ನೇ ಈಗ ನಡುರಾತ್ರಿಯ ಹೊತ್ತಿಗೆ ಮುಗಿಸುತ್ತಾರೆ. ಭಾಗವತರು ಗಡಿಬಿಡಿಯಲ್ಲಿ ಹಾಡುವುದಿಲ್ಲ. ಯಾವ ಪದ್ಯ ಬೇಕು, ಯಾವುದನ್ನು ಬಿಡಬಹುದು ಎಂದು ಮೊದಲೇ ತೀರ್ಮಾನ ಮಾಡಿಕೊಂಡು ರಂಗಸ್ಥಳಕ್ಕೆ ಬರುತ್ತಾರೆ. ನಿಮ್ಮ ಚೌಕಿ, ಅಂದರೆ ರಂಗಕ್ಕೆ ಬರುವ ಮೊದಲು ಸಿದ್ಧವಾಗುವ ಜಾಗ, ಓದಲು ಕೊಡುವ ಆ 15 ನಿಮಿಷ. ಮೊದಲ ಪ್ರಶ್ನೆ ಕಡ್ಡಾಯ. ಉಳಿದ ಐದರಲ್ಲಿ ನಾಲ್ಕು ಬರೆಯಬೇಕು. ಬಿಡುವ ಒಂದು ಯಾವುದು ಎಂದು ಅಲ್ಲೇ ನಿರ್ಧಾರ ಆಗಲಿ. ಐದನ್ನೂ ಸ್ವಲ್ಪ ಸ್ವಲ್ಪ ಬರೆದರೆ ಒಳ್ಳೆಯದನ್ನು ಆರಿಸಿಕೊಳ್ಳುತ್ತಾರೆ ಎಂದು ತುಂಬಾ ಮಕ್ಕಳು ನಂಬಿದ್ದಾರೆ. ಹಾಗಿಲ್ಲ. ಹೆಚ್ಚು ಬರೆದರೆ ಮೊದಲು ಬರೆದವನ್ನಷ್ಟೇ ನೋಡುತ್ತಾರೆ, ಮೇಲಿನದ್ದು ಲೆಕ್ಕಕ್ಕಿಲ್ಲ.

ಇನ್ನು, ಮನೆಯಲ್ಲಿ ಬರುತ್ತದೆ ಎಂದಿರಲ್ಲ, ಮನೆಯಲ್ಲಿ ಕೂತದ್ದು ಯಾವಾಗ? ಬೆಳಿಗ್ಗೆ ಐದಕ್ಕೆ, ತಂಪಿನಲ್ಲಿ, ಒಂದೊಂದೇ ಲೆಕ್ಕ. ಅಲ್ವಾ? ಪರೀಕ್ಷೆ ಇರುವುದು ಮಧ್ಯಾಹ್ನ ಎರಡಕ್ಕೆ. ಮೇ ತಿಂಗಳಲ್ಲಿ ನಮ್ಮೂರಿನ ಸೆಖೆ ಹೇಳಬೇಕೇ? ಅಂಗೈ ಬೆವರಿ ಹಾಳೆಗೆ ಅಂಟುತ್ತದೆ, ಬರೆದ ಅಂಕಿ ಕಲಸಿಹೋಗುತ್ತದೆ. ಮಣಿಕಟ್ಟಿನ ಕೆಳಗೆ ಮಡಚಿದ ಕರ್ಚೀಫ್ ಇಟ್ಟುಕೊಂಡು ಬರೆಯಿರಿ, ಓಎಂಆರ್ ಶೀಟ್ (ಎಂಸಿಕ್ಯೂ ಉತ್ತರಕ್ಕೆ ವೃತ್ತ ತುಂಬುವ ಹಾಳೆ) ಕೂಡ ಒದ್ದೆ ಆಗುವುದಿಲ್ಲ. ಹೊಟ್ಟೆ ತುಂಬಾ ಕುಚ್ಚಲಕ್ಕಿ ಅನ್ನ ಉಂಡು ಕೂತರೆ ಮೂರೂವರೆಗೆ ಕಣ್ಣು ಎಳೆಯುತ್ತದೆ. ಊಟ 12ಕ್ಕೇ, ಸ್ವಲ್ಪವೇ ಸಾಕು.

ಕೈಯದ್ದು ಇನ್ನೊಂದು ಸಮಸ್ಯೆ. ಎರಡು ವರ್ಷ ಆರ್ಟಿಕಲ್‌ಶಿಪ್‌ನಲ್ಲಿ ಟ್ಯಾಲಿ, ಎಕ್ಸೆಲ್ ಬಿಟ್ಟು ಪೆನ್ ಹಿಡಿದದ್ದು ಸಹಿ ಹಾಕಲು ಮಾತ್ರ. ಮೂರು ಗಂಟೆ ಬರೆಯುವ ಕೈ ಅಲ್ಲ ಅದು. ಎರಡನೇ ಗಂಟೆಗೆ ಬೆರಳು ನೋಯುತ್ತದೆ, ವೇಗ ಬೀಳುತ್ತದೆ. ಪರೀಕ್ಷೆಗೆ ಮುಂಚೆ ಈ ಪೇಪರ್ ಒಂದಕ್ಕೇ ಕನಿಷ್ಠ ನಾಲ್ಕು ಸಲ, ಮಧ್ಯಾಹ್ನ ಎರಡರಿಂದ ಐದರವರೆಗೆ, ಇನ್‌ಸ್ಟಿಟ್ಯೂಟ್‌ನ ಮಾಕ್ ಟೆಸ್ಟ್ ಪೇಪರ್ ಇಟ್ಟುಕೊಂಡು ಪೆನ್ನಿನಲ್ಲೇ ಬರೆಯಿರಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪ್ರತಿ ಉತ್ತರದ ಪಕ್ಕ ಶುರು ಮಾಡಿದ ಹೊತ್ತು, ಬಿಟ್ಟ ಹೊತ್ತು ಗುರುತು ಹಾಕಿ. 24 ನಿಮಿಷ ಆದ ಕೂಡಲೇ ವಾಕ್ಯ ಅರ್ಧದಲ್ಲಿದ್ದರೂ ಪೆನ್ ಎತ್ತಿ. ಮೊದಲೆರಡು ಸಲ ಹೊಟ್ಟೆ ಉರಿಯುತ್ತದೆ. ಮೂರನೇ ಸಲಕ್ಕೆ ಕೈಗೆ ಬರುತ್ತದೆ. ಕ್ಯಾಲ್ಕುಲೇಟರ್ ಕೂಡ ಅದೇ ಇರಲಿ: 12 ಅಂಕಿ, ಎರಡು ಮೆಮೊರಿ, ಆರು ಫಂಕ್ಷನ್‌ವರೆಗೆ ಬಿಡುತ್ತಾರೆ. ಎಂ ಪ್ಲಸ್ (ಮೆಮೊರಿಗೆ ಸೇರಿಸುವ ಗುಂಡಿ) ಒತ್ತುವ ಅಭ್ಯಾಸ ಇಲ್ಲದವರು ಉಪಮೊತ್ತ ಬರೆದುಕೊಂಡು ಮತ್ತೆ ಒತ್ತುತ್ತಾ ಕೂರುತ್ತಾರೆ.

ಪ್ರಶ್ನೆ: ಮಗ ಸಿಎ ಫೌಂಡೇಶನ್ ಬರೆಯುತ್ತಿದ್ದಾನೆ. ಆಬ್ಜೆಕ್ಟಿವ್ ಪೇಪರ್‌ನಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆಂದು ಹೆದರಿ ತುಂಬಾ ಬಿಟ್ಟು ಬರುತ್ತಾನೆ. ಸರಿಯಾ?
– ಓದುಗರು, ಕುಂದಾಪುರ

ಉತ್ತರ: ಅಷ್ಟು ಹೆದರಬೇಕಿಲ್ಲ. ಎರಡು ಗಂಟೆ, 100 ಅಂಕ. ತಪ್ಪಿಗೆ ಹೋಗುವುದು ಕಾಲು ಅಂಕ. ನಾಲ್ಕು ಆಯ್ಕೆಯಲ್ಲಿ ಒಂದು ಖಂಡಿತ ಅಲ್ಲ ಎಂದು ಗೊತ್ತಾದರೆ ಉಳಿದ ಮೂರರಲ್ಲಿ ಒಂದನ್ನು ಹಾಕುವುದು ಲಾಭವೇ. ಏನೂ ಗೊತ್ತಿಲ್ಲದ್ದನ್ನು ಬಿಡಲಿ. ಒಂದು ಸುತ್ತು ಸುಲಭದ್ದೆಲ್ಲ ಮುಗಿಸಿ, ಎರಡನೇ ಸುತ್ತಿಗೆ ಉದ್ದದ ಲೆಕ್ಕ ಹಿಡಿಯಲಿ. ಓಎಂಆರ್ ಮಾತ್ರ ಆಗಾಗಲೇ ತುಂಬುತ್ತಾ ಹೋಗಬೇಕು. ನಡುವೆ ಪ್ರಶ್ನೆ ಬಿಟ್ಟಾಗ ಸಾಲು ತಪ್ಪುವುದು ಹೆಚ್ಚು, ಹತ್ತಕ್ಕೊಮ್ಮೆ ನಂಬರ್ ಸರಿ ಇದೆಯಾ ಎಂದು ನೋಡಿಕೊಳ್ಳಲು ಹೇಳಿ.